ಅಕ್ಕೋರ ಕೈಗೆ ಸಿಕ್ಕ ಜೀವಕೋಶ

ಎರಡು ಜೀವಕೋಶಗಳಿಗೆ ನನಗೆ ಬಿದ್ದ ಖರ್ಚು ಆರು ಸಾವಿರದ ನಾನೂರು ರೂಪಾಯಿ, ನರಗುಂದದ ಒಂದು ಒಳ್ಳೆಯ ಆರ್ಡರು, ಮತ್ತು ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ. ಪ್ಲಾಸ್ಟಿಕ್ಕಿನವು ಬೇಕಿದ್ದರೆ ನನ್ನ ಅಂಗಡಿಯಲ್ಲೇ ಇದರ ಕಾಲು ಭಾಗದ ದುಡ್ಡಿಗೆ ಜೋಡಿ ಸಿಗುತ್ತವೆ: ಸಸ್ಯಕೋಶ ಒಂದು, ಪ್ರಾಣಿಕೋಶ ಒಂದು, ಸ್ಟ್ಯಾಂಡು ಸಮೇತ. ಆದರೆ ಅವು ಕಣ್ಣಿದ್ದವರಿಗಾಗಿ ಮಾಡಿದವು. ನನಗೆ ಬೇಕಾಗಿದ್ದದ್ದು ಕಣ್ಣು ಕಾಣದ ಒಬ್ಬ ವಿಜ್ಞಾನ ಶಿಕ್ಷಕಿ ಮುಂದಿಟ್ಟುಕೊಂಡು ಪಾಠ ಮಾಡುವಂಥದ್ದು.

ರೋಣದಲ್ಲಿ ನನ್ನದು ಶಾಲಾ ಸಾಮಾನಿನ ಅಂಗಡಿ. ವಾರಕ್ಕೆ ಮೂರು ದಿನ ಹಳೆಯ ವ್ಯಾನಿನಲ್ಲಿ ನಕಾಶೆ, ಚಾರ್ಟು, ಪ್ರನಾಳ, ಸ್ಪಿರಿಟ್ ದೀಪ ತುಂಬಿಕೊಂಡು ಊರೂರು ತಿರುಗುತ್ತೇನೆ. ನರೇಗಲ್ ದಾಟಿ ಹೋದರೆ ಒಂದು ಹಳ್ಳಿಯ ಹೈಸ್ಕೂಲಿದೆ. ನಾನು ಹೇಳಿದ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು, ಅಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ವಿಜ್ಞಾನ ಕಲಿಸಿದವರು. ವರ್ಷಗಳ ಹಿಂದೆ, ಅವರ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ, ನಾನು ಮೊದಲ ಸಲ ಅವರ ಮುಂದೆ ಜೀವಕೋಶದ ಚಾರ್ಟು ಬಿಚ್ಚಿದಾಗ ಅವರು ಕೊಳ್ಳಲಿಲ್ಲ. ಸಸ್ಯಕೋಶದ ಚಿತ್ರದ ಕೆಳಗೆ ಪ್ರಾಣಿಕೋಶ ಎಂದೂ ಪ್ರಾಣಿಕೋಶದ ಕೆಳಗೆ ಸಸ್ಯಕೋಶ ಎಂದೂ ಅಚ್ಚಾಗಿತ್ತು. ಅಂಥವು ನನ್ನ ಗಂಟಿನಲ್ಲಿ ಎಪ್ಪತ್ತು ಇದ್ದವು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅದು ತಿಳಿಯುವುದಾದರೂ ಹೇಗೆ?

"ಹಿಂದಿನ ಬೆಂಚಿನ್ಯಾಗ ಕುಂಡ್ರ್ರಿ" ಎಂದರು ಅಕ್ಕೋರು. "ಮಾರೂ ಸಾಮಾನು ಏನಂತ ತಿಳಕೊಂಡ ಮಾರ್ರಿ. ಇಲ್ಲಂದ್ರ ಹುಬ್ಬಳ್ಳಿ ಮಂದಿ ನಿಮಗ ಹಿಂತಾದ ಕಟ್ಟತಾರ."

ಎಂಟನೇ ತರಗತಿಯ ಮಕ್ಕಳ ಹಿಂದೆ ಕುಳಿತು ಅಂದು ಪೂರ್ತಿ ಒಂದು ಪಾಠ ಕೇಳಿದೆ. ಮರುದಿನ ಹುಬ್ಬಳ್ಳಿಗೆ ಹೋಗಿ ಎಪ್ಪತ್ತೂ ಚಾರ್ಟುಗಳನ್ನು ಹಿಂದಕ್ಕೆ ಕೊಟ್ಟು, ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ ಬಂದೆ. ಅಂದಿನಿಂದ ಸಗಟು ವ್ಯಾಪಾರಿಗಳು ನನಗೆ ಕುರ್ಚಿ ಕೊಡತೊಡಗಿದರು.

ಹೋದ ಮಳೆಗಾಲದ ಮೊದಲಿಗೆ ಸೀಮೆಸುಣ್ಣದ ಪೆಟ್ಟಿಗೆ ಇಳಿಸಲು ಆ ಶಾಲೆಗೆ ಹೋದೆ. ಅಕ್ಕೋರು ಪ್ರಯೋಗಾಲಯದಲ್ಲಿ ಒಬ್ಬರೇ ಕುಳಿತಿದ್ದರು. ನನ್ನ ಕಾಲಸಪ್ಪಳಕ್ಕೆ ಮುಖ ಎತ್ತಿದರು. ನೋಟ ಮಾತ್ರ ನನ್ನ ಭುಜ ದಾಟಿ ಗೋಡೆಗೆ ಹೋಯಿತು.

"ಯಾರ್ರಿ?"

"ನಾನ್ರಿ ಅಕ್ಕೋರ, ರೋಣದಾಂವ."

"ಓಹೋ, ಚಾರ್ಟಿನವರ! ಬರ್ರಿ. ಇವತ್ತ ಏನ ತಪ್ಪ ಅಚ್ಚ ಹಾಕಿಸ್ಕೊಂಡ ಬಂದೀರಿ?"

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹುಬ್ಬಳ್ಳಿಯ ದವಾಖಾನೆಗೆ ಓಡಾಡಿದ್ದಾಗಿತ್ತು. ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದಷ್ಟೇ ಈಗ ತಿಳಿಯುತ್ತದೆ. ಇದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು. ಹೆಚ್ಚು ಹೊತ್ತು ಹೇಳಿದ್ದು ಒಂಬತ್ತನೇ ತರಗತಿಯ ಬಗ್ಗೆ. ಹೆಡ್‌ಮಾಸ್ತರು ಕೆಟ್ಟವರಲ್ಲ, ಆದರೆ ಮಕ್ಕಳ ಪಾಠ ಹಾಳಾಗಬಾರದೆಂದು ವಿಜ್ಞಾನಕ್ಕೆ ಅತಿಥಿ ಶಿಕ್ಷಕರನ್ನು ತರುವ ವಿಚಾರ ಮಾಡಿದ್ದರು. ಅಕ್ಕೋರಿಗೆ ವಾಚನಾಲಯ.

"ಕಣ್ಣ ಕಾಣದಾಕಿಗೆ ವಾಚನಾಲಯ!" ಎಂದು ಅಕ್ಕೋರೇ ನಕ್ಕರು. "ನಾ ಜಗಳಾ ತಗೀಲಿಲ್ಲ. ಒಂದ ಪಾಠ ಕೇಳೀನಿ. ಜೀವಕೋಶದ್ದು. ಮೂರ ವಾರ ಬಿಟ್ಟ ಶನಿವಾರ. ಹೆಡ್‌ಮಾಸ್ತರ ಹಿಂದ ಕುಂತ ನೋಡಲಿ. ಹುಡುಗರಿಗೆ ತಿಳೀಲಿಲ್ಲ ಅಂದ್ರ ನಾನ ಬಿಟ್ಟ ಕೊಡ್ತೇನಿ."

"ನಿಮಗ ಪಾಠ ಬಾಯಾಗ ಐತಲ್ರಿ."

"ಬಾಯಾಗ ಐತಿ. ಆದ್ರ ಹುಡುಗಿ ಚಿತ್ರದ ಮ್ಯಾಲ ಬೆರಳಿಟ್ಟು 'ಇದೇನ್ರಿ ಅಕ್ಕೋರ' ಅಂದ್ರ, ಆ ಬೆರಳ ಎಲ್ಲೈತಿ ನನಗ ಕಾಣೂದಿಲ್ಲ."

ವ್ಯಾನಿನಿಂದ ಪ್ಲಾಸ್ಟಿಕ್ ಮಾದರಿ ತಂದು ಅವರ ಕೈಗಿಟ್ಟೆ. ಅಂಗೈಯಿಂದ ಒಂದು ಸಲ, ಬೆರಳ ತುದಿಯಿಂದ ಒಂದು ಸಲ ಸವರಿದರು. "ಬಣ್ಣ ಹೊಡದ ಗ್ವಾಡಿ ಸವರಿದಂಗ ಆತು ನೋಡ್ರಿ" ಎಂದು ಮೇಜಿನ ಮೇಲಿಟ್ಟರು. ನಾನು, "ಒಂದ ಚಲೋದು ಮಾಡಿಸ್ಕೊಂಡ ಬರ್ತೇನಿ, ಚಿಂತಿ ಬಿಡ್ರಿ" ಎಂದೆ.

ಮಾಡಿಕೊಡುವವರು ಯಾರು ಎಂಬುದು ಆಗಲೇ ತಲೆಯಲ್ಲಿತ್ತು. ಗಜೇಂದ್ರಗಡದಲ್ಲಿ ಸೀರೆ ನೇಯುವ ಒಬ್ಬ ಅವ್ವ ಇದ್ದಾರೆ, ಅರವತ್ತರ ಆಚೀಚೆ. ಅಂಗನವಾಡಿಗಳಿಗೆ ನಾನು ಮಾರುವ ಬಟ್ಟೆಯ ಹಣ್ಣು, ತರಕಾರಿಗಳನ್ನು ಮಗ್ಗದ ಉಳಿಕೆ ನೂಲಿನಲ್ಲಿ ಮಾಡಿಕೊಡುವವರು ಅವರೇ. ಪಠ್ಯಪುಸ್ತಕ ತೆರೆದು ಚಿತ್ರ ತೋರಿಸಿದೆ.

"ಇದೇನೋ ತಮ್ಮಾ, ಕೋಸಂಬರಿ ಮಾಡಿಟ್ಟಂಗ ಐತಿ."

"ಜೀವಕೋಶರೀ ಅವ್ವಾರ. ನಿಮ್ಮ ಮೈಯಾಗೂ ಇರತಾವ, ಉಳ್ಳಾಗಡ್ಡ್ಯಾಗೂ ಇರತಾವ."

"ಅಂದ್ರ ನಾನೂ ಉಳ್ಳಾಗಡ್ಡಿನೂ ಒಂದ ಅಂದಂಗಾತು."

"ಉಳ್ಳಾಗಡ್ಡಿ ಕೋಶಕ್ಕ ಸುತ್ತ ಗ್ವಾಡಿ ಇರತೈತಿ. ನಿಮ್ಮದಕ್ಕ ಬರೇ ಪೊರಿ."

"ಯಾರಿಗೆ ಬೇಕಾಗೈತಿ ಇದು?"

ಇಲ್ಲಿ ನಾನು ಬಾಯಿ ಬಿಗಿಹಿಡಿದೆ. ನನ್ನ ವ್ಯಾಪಾರದ ಮೊದಲ ನಿಯಮವೇ ಅದು: ಒಂದು ವಸ್ತು ನಿನಗೆ ಏಕೆ ಬೇಕು ಎಂದು ಕೊಡುವವರಿಗೆ ಹೇಳಬೇಡ. ನಿನ್ನ ಗರಜು ಗೊತ್ತಾದ ಕೂಡಲೇ ದರ ಏರುತ್ತದೆ. "ಯಾವುದೋ ಸಾಲಿಗೆರಿ" ಎಂದಷ್ಟೇ ಹೇಳಿದೆ.

ಅವ್ವ ಜೋಡಿಗೆ ಐದು ಸಾವಿರ ಹೇಳಿದರು. "ನೂಲ ಬ್ಯಾರೆ ಬ್ಯಾರೆ ತರಬೇಕಾಗತೈತಿ. ಹತ್ತಿ, ರೇಷ್ಮಿ, ಉಣ್ಣಿ..."

"ಏನೂ ತರಬ್ಯಾಡ್ರಿ. ಸೀರಿ ನೇದ ಉಳದ ರೇಷ್ಮಿ ನೂಲ ಐತಲ್ಲ, ಎಲ್ಲಾ ಅದರಾಗ ಮಾಡ್ರಿ. ಬಣ್ಣ ಮಾತ್ರ ಒಂದೊಂದಕ್ಕ ಒಂದೊಂದ ಇರಲಿ."

ಹೀಗೆ ಎರಡು ಸಾವಿರದ ಆರುನೂರಕ್ಕೆ ಇಳಿಸಿದೆ. ಖುಷಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿಂದು ರೋಣಕ್ಕೆ ಬಂದೆ.

ಒಂಬತ್ತು ದಿನಕ್ಕೆ ಮಾದರಿ ಸಿದ್ಧವಾಯಿತು. ಹೇಳಬಾರದು, ಅಷ್ಟು ಚಂದ ಇತ್ತು. ಇಳಕಲ್ ಸೀರೆಯ ಕೆಂಪಿನಲ್ಲಿ ಕೋಶಕೇಂದ್ರ, ನವಿಲಬಣ್ಣದ ಮೈಟೊಕಾಂಡ್ರಿಯಾ, ಎಳೆ ಹಸಿರಿನ ಕ್ಲೋರೋಪ್ಲಾಸ್ಟುಗಳು, ತಿಳಿನೀಲಿ ರಸದಾನಿ. ನೋಡಿದ ಮೇಲೂ ನಾನು ಸುಮ್ಮನಿರಲಿಲ್ಲ. ಹಸಿರು ಇನ್ನಷ್ಟು ಗಾಢವಿರಬೇಕಿತ್ತು ಎಂದು ಗೊಣಗಿದೆ.

ಶಾಲೆಗೆ ಒಯ್ದು ಕೊಟ್ಟಾಗ ಅಕ್ಕೋರು ಅದನ್ನು ಮಡಿಲಿನಲ್ಲಿಟ್ಟುಕೊಂಡರು. ಬೆರಳುಗಳು ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಓಡಾಡಿದವು. "ಭಾಳ ಮೆತ್ತಗ ಐತಿ. ಯಾರೋ ಜೀವಾ ಇಟ್ಟ ಮಾಡ್ಯಾರ" ಎಂದರು. ನಾನು ಹಿಗ್ಗಿದೆ. ಆಮೇಲೆ ಕೇಳಿದರು:

"ಚಾರ್ಟಿನವರ, ಇದರಾಗ ಅಂತರ್ದ್ರವ್ಯ ಜಾಲ ಎರಡ ಇರಬೇಕು. ಒಂದ ಒರಟು, ಒಂದ ನುಣುಪು. ಇಡೀ ಜೀವಕೋಶದಾಗ ಕೈಗೆ ಹತ್ತೂ ಹೆಸರ ಅವೆರಡಕ್ಕ. ಎಲ್ಲಿ ಅದಾವ ತೋರಸ್ರಿ."

ಅವರ ಬೆರಳು ಹಿಡಿದು ಕೇಸರಿ ಜಾಲದ ಮೇಲಿಟ್ಟೆ. ಆಮೇಲೆ ಗುಲಾಬಿ ಜಾಲದ ಮೇಲೆ.

"ಎರಡೂ ನುಣುಪು" ಎಂದರು.

ಎರಡೇ ಏನು, ಎಲ್ಲವೂ ನುಣುಪು. ಕೋಶಭಿತ್ತಿಯೂ ರೇಷ್ಮೆ, ಕೋಶಪೊರೆಯೂ ರೇಷ್ಮೆ, ಕೋಶಕೇಂದ್ರವೂ ರೇಷ್ಮೆ. ಹದಿನಾಲ್ಕು ಬಣ್ಣದ ಒಂದೇ ನೂಲು. ಕಣ್ಣು ಕಾಣದವರಿಗೆ ನಾನು ಬಣ್ಣ ಆರಿಸಿದ್ದೆ. ಅಕ್ಕೋರೇ, "ಇರಲಿ ಬಿಡ್ರಿ, ಇದ್ದದ್ದರಾಗ ಹ್ಯಾಂಗರ ಮಾಡ್ತೇನಿ" ಎಂದು ನನ್ನ ಕೈ ತಟ್ಟಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಪಾಠಕ್ಕೆ ಹನ್ನೆರಡು ದಿನ ಉಳಿದಿತ್ತು. ಗಜೇಂದ್ರಗಡಕ್ಕೆ ಹೋಗಿ, ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಹೇಳಿದೆ: ಅಕ್ಕೋರ ಕಣ್ಣು, ಶನಿವಾರದ ಪಾಠ, ವಾಚನಾಲಯ, ಎಲ್ಲ. ಅವ್ವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರು ಲಾಳಿ ನಿಲ್ಲಿಸಿದರು.

"ನೀ ಬಣ್ಣ ಅಂದಿ, ನಾ ಬಣ್ಣ ಕೊಟ್ಟೆ. ಆ ಅಕ್ಕೋರಿಗೆ ಬಣ್ಣ ಕಾಣೂದಿಲ್ಲಂತ ಅವತ್ತ ಹೇಳಾಕ ನಿನಗೇನ ಬಾಯಾಗ ಬೆಲ್ಲ ಇತ್ತೇನ?"

"ತಪ್ಪಾತ್ರಿ."

"ತಪ್ಪಾತು ಅಂದ್ರ ನೂಲ ಬ್ಯಾರೆ ಆಗತೈತೇನ?" ಕತ್ತರಿ ತೆಗೆದುಕೊಂಡರು. ಒಂಬತ್ತು ದಿನದ ಕೆಲಸವನ್ನು ನನ್ನ ಕಣ್ಣ ಮುಂದೆ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದರು. ಬಿಚ್ಚುತ್ತಲೇ ಹೇಳಿದರು: "ಆಕಿನ್ನ ಕರಕೊಂಡ ಬಾ ಇಲ್ಲಿಗೆ. ಯಾವದು ಹ್ಯಾಂಗ ಹತ್ತಬೇಕು ಅಂತ ಆಕಿ ಕೈ ಹೇಳತೈತಿ, ನೀ ಅಲ್ಲ."

ಅಕ್ಕೋರಿಗೆ ರಜೆ ಸಿಗುವುದು ಗುರುವಾರ ಮಾತ್ರ. ನರಗುಂದದ ಒಂದು ಶಾಲೆಗೆ ನಾನು ಪ್ರಯೋಗಾಲಯದ ಸಾಮಾನು ಇಳಿಸಿ ಜೋಡಿಸಿ ಕೊಡಬೇಕಾದದ್ದೂ ಅದೇ ಗುರುವಾರ; ಮರುದಿನ ಅವರಿಗೆ ತಪಾಸಣೆ ಇತ್ತು. ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಿ ಎಂದು ಫೋನಿನಲ್ಲಿ ಬೇಡಿದೆ. ಆಗುವುದಿಲ್ಲ ಎಂದರು. ಆಮೇಲೆ ಮತ್ತೆ ಫೋನ್ ಮಾಡಿ, "ಬ್ಯಾರೆಯವರಿಗೆ ಹೇಳ್ರಿ" ಎಂದೆ. ಆ ಗಿರಾಕಿ ಇವತ್ತಿಗೂ ಮರಳಿ ಬಂದಿಲ್ಲ.

ಗುರುವಾರ ಬೆಳಿಗ್ಗೆ ಅಕ್ಕೋರು ಮಗ್ಗದ ಪಕ್ಕ ಚಾಪೆಯ ಮೇಲೆ ಕುಳಿತರು. ಅವ್ವ ಮನೆಯಲ್ಲಿದ್ದ ನೂಲು, ಚಿಂದಿ, ಗುಂಡಿ, ಕಡ್ಡಿ ಎಲ್ಲ ತಂದು ಸುರುವಿದರು. ಅಕ್ಕೋರು ಒಂದೊಂದು ಭಾಗ ಏನು ಕೆಲಸ ಮಾಡುತ್ತದೆ ಎಂದು ಹೇಳುವುದು, ಅವ್ವ ಅದಕ್ಕೆ ತಕ್ಕದ್ದನ್ನು ಹುಡುಕಿ ಅವರ ಕೈಗಿಡುವುದು.

"ಸಸ್ಯಕ್ಕ ಹೊರಗ ಕೋಶಭಿತ್ತಿ. ಗಟ್ಟಿ. ಆಕಾರ ಕೊಡತೈತಿ."

ಎಳೆಗಳನ್ನು ಬಾಚಣಿಗೆಯ ಹಾಗೆ ಬಿಡಿಸಿ ಹಿಡಿಯುವ ಹಳೆಯ ಫಣಿ ಒಂದು ಮುರಿದು ಬಿದ್ದಿತ್ತು. ಅವ್ವ ಅದರ ಬಿದಿರ ಕಡ್ಡಿಗಳನ್ನು ಸಾಲಾಗಿ ಹೊಲಿದರು.

"ಅದರೊಳಗ ಕೋಶಪೊರೆ. ಬೇಕಾದ್ದನ್ನ ಬಿಟ್ಟಕೊಳ್ಳತೈತಿ, ಬ್ಯಾಡಾದ್ದನ್ನ ತಡೀತೈತಿ."

"ಹಿಟ್ಟ ಸೋಸೂ ಅರಿವಿ" ಎಂದರು ಅವ್ವ. ಅದೇ ಆಯಿತು.

ಕೋಶಕೇಂದ್ರಕ್ಕೆ ಬಂದಾಗ ಅಕ್ಕೋರು, ಇಡೀ ಕೋಶ ಹೇಗೆ ನಡೆಯಬೇಕೆಂಬ ಲೆಕ್ಕವೆಲ್ಲ ಅದರೊಳಗಿನ ವರ್ಣತಂತುಗಳಲ್ಲಿ ಇರುತ್ತದೆ ಎಂದರು. ಅವ್ವ ಮಗ್ಗದ ನೆತ್ತಿಗೆ ಕೈ ತೋರಿಸಿ, ಆಮೇಲೆ ನಾಲಿಗೆ ಕಚ್ಚಿಕೊಂಡು, ಅಕ್ಕೋರ ಕೈಯನ್ನೇ ಹಿಡಿದು ಅಲ್ಲಿಗೆ ಒಯ್ದರು. ಸೀರೆಯ ಸೆರಗಿನ ಚಿತ್ತಾರಕ್ಕಾಗಿ ತೂತು ಹೊಡೆದ ರಟ್ಟಿನ ಪಟ್ಟಿಗಳು ಅಲ್ಲಿ ಮಾಲೆಯಾಗಿ ತೂಗುತ್ತಿದ್ದವು.

"ಹಿಂಗೇನ್ರಿ? ಯಾವ ಎಳಿ ಏಳಬೇಕು, ಯಾವದು ಕೂಡಬೇಕು, ಎಲ್ಲಾ ಈ ತೂತಿನ್ಯಾಗ ಐತಿ. ನಾ ಬರೇ ತುಳೀತೇನಿ."

ಅಕ್ಕೋರು ತೂತುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು. "ಇಪ್ಪತ್ತ ವರ್ಷ ನಾ ಇದನ್ನ ಇಷ್ಟ ಚಲೋ ಹೇಳಿಲ್ಲ" ಎಂದರು. ದಾರದ ಉಂಡೆಯೊಳಗೆ ಗಂಟು ಹಾಕಿದ ಎಳೆಗಳನ್ನು ಇಟ್ಟು ಕೋಶಕೇಂದ್ರ ಮಾಡಿದೆವು.

ಮೈಟೊಕಾಂಡ್ರಿಯಾ ಕೋಶಕ್ಕೆ ಶಕ್ತಿ ಕೊಡುವುದು. ಅದರ ಒಳಪೊರೆ ಮಡಿಕೆ ಮಡಿಕೆಯಾಗಿರುತ್ತದೆ. ಅವ್ವ ಸಣ್ಣ ಚೀಲದೊಳಗೆ ಸೀರೆಯ ನಿರಿಗೆ ಹಿಡಿದಂತೆ ಬಟ್ಟೆ ಮಡಚಿ ಹೊಲಿದರು. ಕ್ಲೋರೋಪ್ಲಾಸ್ಟಿಗೆ ಹಸಿರು ಬಿಟ್ಟರೆ ಬೇರೆ ಗುರುತೇ ಇಲ್ಲವಲ್ಲ ಎಂದು ನಾನು ಕೈಚೆಲ್ಲಿದೆ. ಅಕ್ಕೋರು, "ಒಳಗ ಬಿಲ್ಲಿ ಪೇರಿಸಿಟ್ಟಂಗ ಇರತೈತ್ರಿ. ಬಿಸಿಲ ಹಿಡದ ಆಹಾರ ಮಾಡೂದು ಅಲ್ಲೇ" ಎಂದರು. ಅಂಗಿಯ ಗುಂಡಿಗಳನ್ನು ಒಂದರ ಮೇಲೊಂದು ಪೇರಿಸಿ ಹೊಲಿದೆವು. ಪ್ರಾಣಿಕೋಶದ ಕೊಳವೆಯಂಥ ಸೆಂಟ್ರಿಯೋಲುಗಳಿಗೆ, ಲಾಳಿಯೊಳಗೆ ನೂಲು ಸುತ್ತಿಡುವ ಕಂಡಿಕೆಯ ಎರಡು ತುಂಡು. ಗಾಲ್ಗಿ ಸಂಕೀರ್ಣಕ್ಕೆ ಒತ್ತೊತ್ತಾಗಿ ಜೋಡಿಸಿದ ಚಪ್ಪಟೆ ಚೀಲ. ತಯಾರಾದ ಮಾಲನ್ನು ಕಟ್ಟಿ ಕಳಿಸುವ ಜಾಗ ಎಂದು ಅಕ್ಕೋರು ಹೇಳಿದ ಕೂಡಲೇ ನಾನು, "ಪಾರ್ಸೆಲ್ ಆಫೀಸ ಅನ್ರಿ" ಎಂದೆ. ಸಸ್ಯಕೋಶದಲ್ಲಿ ನೀರು ಹಿಡಿದಿಡುವ ರಸದಾನಿಗೆ ಸೈಕಲ್ ಟ್ಯೂಬಿನ ತುಂಡಿನಲ್ಲಿ ನೀರು ತುಂಬಿ ಎರಡೂ ತುದಿ ಅಂಟಿಸಿದೆ. ಬಿಚ್ಚಿದ ರೇಷ್ಮೆಯೂ ಹಾಳಾಗಲಿಲ್ಲ, ನುಣುಪು ಜಾಲವಾಯಿತು. ಒರಟು ಜಾಲ ಗೋಣಿನಾರಿನದು. ಅದರ ಮೇಲೆ ಪ್ರೋಟೀನ್ ತಯಾರಿಸುವ ರೈಬೋಸೋಮುಗಳು ಕಾಳು ಕಾಳಾಗಿ ಕೂರಬೇಕು. ಅವ್ವ ಮಣಿ ತರಲು ಹೇಳಿದರು. ನಾನು ಮನೆಯಲ್ಲಿ ಸಾಬೂದಾನಿ ಇದೆಯಲ್ಲ ಎಂದು ಅದನ್ನೇ ಅಂಟಿಸಿದೆ. ಹುಟ್ಟು ಗುಣ.

ಕೊನೆಗೆ ಅವ್ವ ಸೆರಗಿನಿಂದ ನನ್ನ ಕಣ್ಣು ಕಟ್ಟಿ ಪರೀಕ್ಷೆ ಮಾಡಿದರು. ನಾನು ಮೈಟೊಕಾಂಡ್ರಿಯಾವನ್ನು ಲೈಸೋಸೋಮ್ ಎಂದೆ.

"ಇಷ್ಟ ವರ್ಷ ಮಾರಿದಾಂವ!" ಎಂದು ಅಕ್ಕೋರು ನಕ್ಕರು. "ನಪಾಸು" ಎಂದರು ಅವ್ವ. ದುಡ್ಡು ಕೊಡುವಾಗ, "ಮೊದಲ ಹೇಳಿದ ಐದ ಸಾವಿರ. ಕಡಿಮಿನೂ ಬ್ಯಾಡ, ಹೆಚ್ಚಿಗಿನೂ ಬ್ಯಾಡ" ಎಂದರು. ಎಣಿಸಿ ಕೊಟ್ಟೆ; ವ್ಯಾನಿನ ಓಡಾಟ, ಸಣ್ಣಪುಟ್ಟ ಸಾಮಾನು ಸೇರಿ ಅದರ ಮೇಲೆ ಸಾವಿರದ ನಾನೂರು ಆಯಿತು.

ಹೊಲಿಗೆಯ ಕೆಲಸ ಪೂರ್ತಿಯಾಗಿ ಮಾದರಿ ನನ್ನ ಕೈ ಸೇರಿದ್ದು ಮುಂದಿನ ವಾರ. ಪಾಠದ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ ಅದನ್ನು ಶಾಲೆಗೆ ಮುಟ್ಟಿಸಲು ವ್ಯಾನು ತೆರೆದರೆ ಒರಟು ಜಾಲ ಬೋಳಾಗಿತ್ತು. ವ್ಯಾನಿನ ಇಲಿ ರೈಬೋಸೋಮುಗಳನ್ನೆಲ್ಲ ತಿಂದು ಹೋಗಿತ್ತು. ನರೇಗಲ್ಲಿನ ಬಳೆ ಅಂಗಡಿಯಲ್ಲಿ ಸಾಸಿವೆಯಂಥ ಗಾಜಿನ ಮಣಿ ಕೊಂಡು, ಶಾಲೆಯ ಪಡಸಾಲೆಯಲ್ಲಿ ಕುಳಿತು ನಾನೇ ಹೊಲಿದೆ. ನನ್ನ ದಪ್ಪ ಬೆರಳಿಗೆ ಸೂಜಿ ಒಗ್ಗಲಿಲ್ಲ. ಪಕ್ಕದಲ್ಲಿ ಕುಳಿತ ಅಕ್ಕೋರು ನಾನು ಹೊಲಿದ ಪ್ರತಿಯೊಂದು ಮಣಿಯನ್ನೂ ಮುಟ್ಟಿ ನೋಡಿ, "ಇದ ಸಡ್ಲ ಐತಿ, ಮತ್ತೊಂದ ಸಲ" ಎನ್ನುತ್ತಿದ್ದರು. ನಡುವೆ ಒಮ್ಮೆ, "ಚಾರ್ಟಿನವರ, ನಾಳೆ ಆಗಲಿಲ್ಲಂದ್ರೂ ಇದೊಂದ ಶುಕ್ರವಾರ ಚಲೋ ಆತು" ಎಂದರು. ನಾನು ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಶನಿವಾರ ನಾನು ಮತ್ತೆ ಹಿಂದಿನ ಬೆಂಚಿನಲ್ಲಿ ಕುಳಿತೆ. ಈ ಸಲ ಪಕ್ಕದಲ್ಲಿ ಹೆಡ್‌ಮಾಸ್ತರು. ಅಕ್ಕೋರು ಎರಡೂ ಮಾದರಿಗಳನ್ನು ಮೇಜಿನ ಮೇಲಿಟ್ಟು, ಮಕ್ಕಳನ್ನು ನಾಲ್ಕು ನಾಲ್ಕು ಮಂದಿ ಕರೆದು, ಕಣ್ಣು ಮುಚ್ಚಿ ಮುಟ್ಟಲು ಹೇಳಿದರು. ಮೊದಲು ಕಿಸಿಕಿಸಿ ನಗು. ಆಮೇಲೆ ಒಬ್ಬ ಹುಡುಗಿ ಬೆರಳಿಟ್ಟು ಕೇಳಿಯೇಬಿಟ್ಟಳು:

"ಅಕ್ಕೋರ, ಇದೇನ್ರಿ?"

ಅಕ್ಕೋರ ಕೈ ಬಿದಿರಿನ ಅಂಚು ಹಿಡಿದು, ಜಾಲ ದಾಟಿ, ನಿಧಾನಕ್ಕೆ ಹೋಗಿ ಹುಡುಗಿಯ ಬೆರಳನ್ನು ಮುಟ್ಟಿತು. ಅದರ ಕೆಳಗೆ ತಮ್ಮ ಬೆರಳು ತೂರಿಸಿದರು. "ಒತ್ತೊತ್ತಿ ಜೋಡಿಸಿದ ಚೀಲ. ಗಾಲ್ಗಿ ಸಂಕೀರ್ಣ ಇದು. ಕೋಶದ ಪಾರ್ಸೆಲ್ ಆಫೀಸು. ಪಾರ್ಸೆಲ್ ಹ್ಯಾಂಗ ಕಟ್ಟಿ ಕಳಸತಾರ ಗೊತ್ತೇನು? ಹಿಂದ ಕುಂತಾರಲ್ಲ ರೋಣದವರು, ಅವರನ್ನ ಕೇಳ." ಇಡೀ ತರಗತಿ ನನ್ನ ಕಡೆ ತಿರುಗಿತು.

ಅರ್ಧ ಪಾಠವಾಗಿರಬೇಕು, ಟಪ್ ಟಪ್ ಎಂದು ನೆಲಕ್ಕೆ ನೀರು ಬೀಳತೊಡಗಿತು. ನಾನು ಅಂಟಿಸಿದ ಟ್ಯೂಬಿನ ತುದಿ ಬಿಟ್ಟಿತ್ತು. ಹೆಡ್‌ಮಾಸ್ತರು ನನ್ನನ್ನು ನೋಡಿದರು. ನಾನು ಏಳಲು ಹೋದೆ. ಅಷ್ಟರಲ್ಲಿ ಅಕ್ಕೋರು ಕಿವಿಗೊಟ್ಟು, ಸಸ್ಯಕೋಶದ ಮೇಲೆ ಕೈಯಿಟ್ಟರು.

"ಸುಮ್ಮನ ಕೇಳ್ರಿ ಎಲ್ಲಾರೂ. ರಸದಾನ್ಯಾಗಿನ ನೀರ ಹೊಂಟೈತಿ. ಬಂದ ಮುಟ್ರಿ, ಲಗೂ. ಹೊರಗಿನ ಗ್ವಾಡಿ ಹಂಗ ಐತಿ, ಒಳಗಿನ ಪೊರಿ ಸಡ್ಲಾತು. ಮಟಮಟ ಮಧ್ಯಾಹ್ನದಾಗ ಮೆಣಸಿನ ಗಿಡ ಹ್ಯಾಂಗ ಜೋತ ಬೀಳತೈತಿ?"

"ಬಾಡತೈತ್ರಿ!"

"ಯಾಕ?"

"ರಸದಾನಿ ಖಾಲಿ ಆಗಿರತೈತ್ರಿ!" ಮೂವತ್ತು ಬಾಯಿ ಒಟ್ಟಿಗೆ. ಅಷ್ಟೂ ಮಕ್ಕಳು ನೀರು ತುಳಿದುಕೊಂಡು ಮೇಜು ಮುತ್ತಿದರು.

ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಹೋದ ಮೇಲೆ ಹೆಡ್‌ಮಾಸ್ತರು ಮುಂದೆ ಹೋದರು. ಚಷ್ಮಾ ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿ, ಪ್ರಾಣಿಕೋಶದ ಮೇಲೆ ಬೆರಳಿಟ್ಟರು.

"ಅಕ್ಕೋರ, ಇದೇನ್ರಿ?"

ಅಕ್ಕೋರ ಕೈ ಹುಡುಕಿಕೊಂಡು ಅವರ ಬೆರಳಿನ ತನಕ ಬಂತು. "ಲೈಸೋಸೋಮ್ ಸರ್. ಸವದ ಭಾಗ ಒಡದ ಹಾಕತೈತಿ." ಮುಂದೆ ಸೇರಿಸಿದರು: "ಆದ್ರ ಅದರಾಗ ಕೆಲಸಕ್ಕ ಬರೂದನ್ನ ಹೊರಗ ಒಗಿಯೂದಿಲ್ಲ ಸರ್. ಮತ್ತ ಕೋಶಕ್ಕ ಕೊಡತೈತಿ."

ಹೆಡ್‌ಮಾಸ್ತರು ಕಣ್ಣು ತೆರೆದರು. ನಕ್ಕರು. "ತಿಳೀತ್ರಿ ಅಕ್ಕೋರ" ಎಂದರು. ಮರುವಾರ ಸೀಮೆಸುಣ್ಣ ಇಳಿಸಲು ಹೋದಾಗ ಹಲಗೆಯ ಮೇಲಿನ ವೇಳಾಪಟ್ಟಿ ಓದಿದೆ. ಒಂಬತ್ತನೇ ತರಗತಿ, ವಿಜ್ಞಾನ: ಅಕ್ಕೋರ ಹೆಸರು. ಅಂದು ಅವರು ಕೇಳಿದ್ದು ಒಂದೇ: ಹೃದಯದ ಮಾದರಿ ಯಾವಾಗ ಮಾಡಿಸೋಣ?

ನಿಮ್ಮ ಶಾಲೆಗೂ ಇಂಥದ್ದು ಬೇಕಿದ್ದರೆ ನನ್ನಿಂದ ಇಷ್ಟು ಕೇಳಿಕೊಳ್ಳಿ. ಮಾದರಿಯನ್ನು ಕೊಳ್ಳುವ ಮುಂಚೆ ಕಣ್ಣು ಮುಚ್ಚಿ ಸವರಿ ನೋಡಿ. ಎರಡು ಭಾಗ ಒಂದೇ ತರಹ ಹತ್ತಿದರೆ ಹಿಂದಕ್ಕೆ ಕೊಡಿ. ಕಾಳು, ಸಾಬೂದಾನಿ, ತಿನ್ನುವಂಥದ್ದು ಏನನ್ನೂ ಅಂಟಿಸಬೇಡಿ, ಇಲಿಗೆ ವಿಜ್ಞಾನ ಬೇಕಾಗಿಲ್ಲ. ಟ್ಯೂಬಿನ ತುದಿಯನ್ನು ಪಂಕ್ಚರ್ ಅಂಗಡಿಯವರಿಂದಲೇ ಅಂಟಿಸಿ, ಒಂದು ದಿನ ನೀರು ತುಂಬಿಟ್ಟು ನೋಡಿ. ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ; ನಾನೂ ಬಿಟ್ಟಿಲ್ಲ. ಆದರೆ ಕೈಯಿಂದ ಮಾಡಿಕೊಡುವವರ ಮುಂದೆ ಕುಳಿತಾಗ ಅದು ಯಾರಿಗೆ, ಏಕೆ ಬೇಕು ಎಂಬುದನ್ನು ಮೊದಲು ಬಾಯಿ ಬಿಟ್ಟು ಹೇಳಿ. ರೋಣದ ನನ್ನ ಅಂಗಡಿಗೆ ಬಂದಾಗಲೂ ಅಷ್ಟೇ. ಯಾರ ಕೈಗೆ ಎಂದು ಹೇಳಿ, ದರ ಆಮೇಲೆ ಮಾತಾಡೋಣ.